ತೂತಿಗೆ ತೇಪೆ ಉಂಟು, ಅರ್ಧ ಹೃದಯಕ್ಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ವೈದ್ಯರ ತಂಡ ಹೋಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮವದು. ಎದೆಗಿಟ್ಟ ಸ್ಟೆತಾಸ್ಕೋಪಿನಲ್ಲಿ ಲಬ್-ಡಬ್ ನಡುವೆ ‘ಸುಯ್’ ಎಂಬ ಸದ್ದು ಕೇಳಿಸಿದರೆ ಮುಂದಿನದು ಎಕೋ ಪರೀಕ್ಷೆ, ಅಗತ್ಯವಿದ್ದರೆ ಬೆಂಗಳೂರಿನ ಜಯದೇವದಂಥ ಹೃದ್ರೋಗ ಆಸ್ಪತ್ರೆ.

ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಕೂಸುಗಳಿಗೆ ಹೃದಯದ ದೋಷವಿರುತ್ತದೆ. ಅದರಲ್ಲಿ ಅತಿ ಸಾಮಾನ್ಯವಾದದ್ದು ಹಳ್ಳಿಯವರು ‘ಹಾರ್ಟಲ್ಲಿ ತೂತು’ ಎನ್ನುವಂಥದ್ದು. ಸಣ್ಣ ತೂತು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡದಕ್ಕೆ ತೇಪೆ ಹಾಕುತ್ತಾರೆ, ಇಲ್ಲವೇ ತೊಡೆಯ ರಕ್ತನಾಳದಿಂದ ಪುಟ್ಟ ಸಾಧನ ತೂರಿಸಿ ಮುಚ್ಚುತ್ತಾರೆ. ಇದಕ್ಕೆ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳ ಚಿಕಿತ್ಸೆ ಬೇಕಿಲ್ಲ.

ಬೇಕೇನೋ ಎನಿಸುವುದು ಹೃದಯದ ಎಡಭಾಗವೇ ಬೆಳೆಯದೆ ಹುಟ್ಟಿದ ಕೂಸುಗಳಿಗೆ. ಬಲ ಹೃತ್ಕುಕ್ಷಿಯ ಕೆಲಸ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳುವುದು. ಇಲ್ಲಿ ಅದೇ ಇಡೀ ಮೈಗೆ ರಕ್ತ ಹಾಯಿಸಬೇಕು. ಮನೆ ಟ್ಯಾಂಕಿಗೆ ನೀರೆತ್ತುವ ಮೋಟಾರಿಗೆ ಚನ್ನಗಿರಿಯ ಅಡಿಕೆ ತೋಟ ಒಪ್ಪಿಸಿದ ಹಾಗೆ. ನಾರ್ವುಡ್, ಗ್ಲೆನ್, ಫಾಂಟಾನ್ ಎಂಬ ಮೂರು ಶಸ್ತ್ರಚಿಕಿತ್ಸೆಗಳು ಪೈಪುಗಳನ್ನು ಮರುಜೋಡಿಸುತ್ತವೆಯೇ ಹೊರತು ಮೋಟಾರನ್ನು ದೊಡ್ಡದು ಮಾಡುವುದಿಲ್ಲ.

ಆ ಹೃತ್ಕುಕ್ಷಿಯ ಸ್ನಾಯು ತಾನಾಗಿ ಬೆಳೆದುಕೊಳ್ಳಬಾರದೆ? ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಕಾರ್ಬನ್-14ರ ಜಾಡು ಹಿಡಿದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿದರು: 25ರ ಹರೆಯದಲ್ಲೂ ವರ್ಷಕ್ಕೆ ಹೊಸದಾಗುವ ಹೃದಯಸ್ನಾಯು ಕೋಶಗಳು ಶೇ 1ರಷ್ಟು ಮಾತ್ರ.

ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಇಂಥ ಕೂಸುಗಳಿಗಾಗಿ ಒಂದು ಸ್ಟೆಮ್ ಸೆಲ್ ಪ್ರಯೋಗ ಶುರುವಾಯಿತು. ಶಸ್ತ್ರಚಿಕಿತ್ಸೆಯ ವೇಳೆ ಮಗುವಿನ ಹೃದಯದಿಂದಲೇ ಚೂರು ತೆಗೆದು, ಕೋಶ ಬೆಳೆಸಿ, ಸುಮಾರು ತಿಂಗಳ ಬಳಿಕ ಹೃದಯದ ರಕ್ತನಾಳಕ್ಕೇ ಬಿಟ್ಟರು. 14 ಮಕ್ಕಳಲ್ಲಿ ಕೋಶ ಪಡೆದವರು 7. ಒಂದೂವರೆ ವರ್ಷದ ನಂತರ ಅವರ ಹೃದಯದ ಒತ್ತುಬಲ ಉಳಿದವರಿಗಿಂತ ಚೆನ್ನಾಗಿತ್ತು. ಆದರೆ ಏಳು ಮಕ್ಕಳಿಂದ ಜಗತ್ತಿಗೆ ಚಿಕಿತ್ಸೆ ಬರೆದುಕೊಡಲಾಗದು. ಬಿಟ್ಟ ಕೋಶಗಳೂ ಹೆಚ್ಚು ಕಾಲ ಉಳಿಯುವುದಿಲ್ಲ. ಅವು ಸ್ರವಿಸುವ ರಾಸಾಯನಿಕಗಳೇ ಹಳೆಯ ಸ್ನಾಯುವನ್ನು ಹುರಿದುಂಬಿಸುತ್ತವೆ ಎಂಬುದು ಈಗಿನ ತಿಳಿವಳಿಕೆ.

ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ವಯಸ್ಕರ ಹೃದಯದಲ್ಲಿ ಪವಾಡ ಕೋಶ ಕಂಡೆನೆಂದ ಪಿಯೆರೊ ಅನ್ವೆರ್ಸಾ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆಯುವಂತೆ 2018ರಲ್ಲಿ ಹಾರ್ವರ್ಡ್ ಕೇಳಬೇಕಾಯಿತು.

ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆಯಾಗಿ ಒಪ್ಪಿದ್ದು ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳ ಮಟ್ಟಿಗೆ. ಹೃದಯಕ್ಕೆ ಇನ್ನೂ ಪ್ರಯೋಗ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಹಾಲು ಕುಡಿಯುವಾಗ ಬೆವರುವ, ತೂಕ ಏರದ, ತುಟಿ ನೀಲಿಗಟ್ಟುವ ಕೂಸು ಮನೆಯಲ್ಲಿದ್ದರೆ ತಡಮಾಡದೆ ಎಕೋ ಮಾಡಿಸಿ.