ಕೈಸನ್ನೆಯ ಮೈದಾನ ಕೆಂಡಾಲ್ ಗ್ರೀನ್

ಯಾದಗಿರಿ, ಶಹಾಪುರ, ಸುರಪುರದ ಯಾವ ಮೈದಾನಕ್ಕೆ ಹೋದರೂ ಕ್ರಿಕೆಟ್ ಪಂದ್ಯಕ್ಕೆ ಮುಂಚೆ ಹುಡುಗರು ಹೆಗಲಿಗೆ ಕೈಹಾಕಿ, ತಲೆ ಬಗ್ಗಿಸಿ ಸುತ್ತುಗಟ್ಟಿ ನಿಲ್ಲುವುದನ್ನು ಕಾಣಬಹುದು. ಟಿವಿಯಲ್ಲಿ ಭಾರತ ತಂಡವನ್ನು ನೋಡಿ ಕಲಿತದ್ದು. ಈ ಸುತ್ತಿಗೆ ‘ಹಡಲ್’ ಎನ್ನುತ್ತಾರೆ. ಅದರ ಬೇರು ಹುಡುಕುತ್ತ ಹೊರಟರೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ, ಕಿವುಡ ವಿದ್ಯಾರ್ಥಿಗಳ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಅಂಗಳಕ್ಕೆ ಹೋಗಿ ಮುಟ್ಟುತ್ತೇವೆ.

ಫ್ಲಾರಿಡಾ ಅವೆನ್ಯೂ ಪಕ್ಕದ ಆ ಜಾಗದ ಹೆಸರು ಕೆಂಡಾಲ್ ಗ್ರೀನ್. ಪತ್ರಕರ್ತನಾಗಿದ್ದು, ಮುಂದೆ ದೇಶದ ಅಂಚೆ ಇಲಾಖೆಯ ಮುಖ್ಯಸ್ಥನೂ ಆಗಿದ್ದ ಏಮಸ್ ಕೆಂಡಾಲ್ 1856ರಲ್ಲಿ ತನ್ನ ಎಸ್ಟೇಟಿನ ಎರಡು ಎಕರೆ ನೆಲವನ್ನೂ ಒಂದು ಮನೆಯನ್ನೂ ಶಾಲೆಗೆಂದು ಬಿಟ್ಟುಕೊಟ್ಟ. ಮರುವರ್ಷ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಯಿತು. ಅದರ ಹೊಣೆ ಹೊತ್ತ ಎಡ್ವರ್ಡ್ ಮೈನರ್ ಗ್ಯಾಲೊಡೆಟ್‌ಗೆ ಆಗ ಇಪ್ಪತ್ತೇ ವರ್ಷ. ಅವನ ತಾಯಿ ಸೋಫಿಯಾಗೆ ಕಿವಿ ಕೇಳಿಸುತ್ತಿರಲಿಲ್ಲ. ಸನ್ನೆ ಭಾಷೆ ಅವನಿಗೆ ಮನೆಮಾತು. ಸುರಪುರದ ರಾಜಾ ವೆಂಕಟಪ್ಪ ನಾಯಕ ಕೊನೆಯುಸಿರೆಳೆದ ಆರು ವರ್ಷಕ್ಕೆ, 1864ರ ಏಪ್ರಿಲ್ 8ರಂದು, ಈ ಸಂಸ್ಥೆ ಕಾಲೇಜು ಪದವಿ ನೀಡಬಹುದೆಂಬ ಕಾಯ್ದೆಗೆ ಅಬ್ರಹಾಂ ಲಿಂಕನ್ ಸಹಿ ಹಾಕಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಆವರಣದ ನಕ್ಷೆ ಬರೆದರು.

ಆ ಕಾಲವನ್ನು ನೆನೆದರೆ ಸಂಕಟವಾಗುತ್ತದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯ ಮಾಡಿತು. ಎಷ್ಟೋ ದೇಶಗಳ ತರಗತಿಗಳಲ್ಲಿ ಮಕ್ಕಳ ಕೈ ಕಟ್ಟಿಹಾಕಿದಂತಾಯಿತು. ಸಮ್ಮೇಳನಕ್ಕೆ ಹೋಗಿದ್ದ ಗ್ಯಾಲೊಡೆಟ್ ಆ ನಿರ್ಣಯವನ್ನು ವಿರೋಧಿಸಿದ. ಕೆಂಡಾಲ್ ಗ್ರೀನ್‌ನಲ್ಲಿ ಸನ್ನೆ ಉಳಿಯಿತು. ಮೂರು ವರ್ಷದ ನಂತರ, 1883ರಲ್ಲಿ, ಅಲ್ಲಿಗೆ ಫುಟ್‌ಬಾಲ್ ಬಂತು.

ನಮ್ಮಲ್ಲಿ ಆಡುವ ಕಾಲ್ಚೆಂಡು ಇದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆ ಸೀಳಿಕೊಂಡು ನುಗ್ಗುವ ಆಟ. ಪ್ರತಿ ನುಗ್ಗಾಟಕ್ಕೂ ಮೊದಲೇ ಹೂಡಿದ ಉಪಾಯವೊಂದಿರುತ್ತದೆ. ಆಗಿನ ತಂಡಗಳಲ್ಲಿ ದಾಳಿ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಅದನ್ನು ಸಂಕೇತದಲ್ಲಿ ಕೂಗಿ ಹೇಳುತ್ತಿದ್ದ. ಗ್ಯಾಲೊಡೆಟ್ ಹುಡುಗರು ಕೈಯಲ್ಲಿ ಹೇಳುತ್ತಿದ್ದರು.

ಎದುರಾಳಿಯೂ ಕಿವುಡರ ತಂಡವಾದರೆ? ಕೈಯಾಡಿದ್ದೆಲ್ಲ ಎದುರಿನವರಿಗೂ ತಿಳಿಯುತ್ತದೆ. 1892ರಿಂದ 1895ರವರೆಗೆ ಕ್ವಾರ್ಟರ್‌ಬ್ಯಾಕ್ ಆಗಿದ್ದ ಪಾಲ್ ಹಬಾರ್ಡ್ 1894ರಲ್ಲಿ ತನ್ನವರನ್ನು ಸುತ್ತ ನಿಲ್ಲಿಸಿಕೊಂಡ. ಬೆನ್ನುಗಳು ಬೇಲಿಯಾದವು, ನಡುವೆ ಕೈಗಳು ಮಾತಾಡಿದವು. ಕಾಲೇಜಿಗೆ ಗ್ಯಾಲೊಡೆಟ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಅಮೆರಿಕದ ಮೊದಲ ಶಾಶ್ವತ ಕಿವುಡರ ಶಾಲೆಯನ್ನು 1817ರಲ್ಲಿ ಕಟ್ಟಿದವರಲ್ಲಿ ಒಬ್ಬನಾದ, ಎಡ್ವರ್ಡ್‌ನ ತಂದೆ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ ನೆನಪಿಗೆ. ಹಬಾರ್ಡ್ ಮುಂದೆ ಕಾನ್ಸಾಸ್ ರಾಜ್ಯದ ಓಲೇತದಲ್ಲಿರುವ ಕಿವುಡರ ಶಾಲೆಗೆ ಹೋಗಿ, 1899ರಲ್ಲಿ ಅಲ್ಲಿಯೂ ತಂಡ ಕಟ್ಟಿದ. ಕೇಳಬಲ್ಲವರ ದೊಡ್ಡ ಕಾಲೇಜುಗಳಲ್ಲಿ ಹಡಲ್ ರೂಢಿಗೆ ಬಂದದ್ದು 1920ರ ದಶಕದಲ್ಲಿ. ಆಗಿನ ಕೋಚ್‌ಗಳ ಹೆಸರನ್ನೂ ಕೆಲವರು ಹೇಳುತ್ತಾರೆ, ಆದರೆ ಮೊದಲ ಮರ್ಯಾದೆ ಹಬಾರ್ಡ್‌ಗೇ ಸಲ್ಲಬೇಕು. ಸನ್ನೆ ಬರೀ ಕೈಯಾಡಿಸುವಿಕೆ ಎಂದು ಜಗತ್ತು ತಳ್ಳಿಹಾಕುತ್ತಿದ್ದಾಗ, ಅದು ಕದ್ದು ಓದುವಷ್ಟು ಸ್ಪಷ್ಟವಾದ ಭಾಷೆಯೆಂದು ಈ ಹುಡುಗರಿಗೆ ಗೊತ್ತಿತ್ತು.

ಮೈದಾನದ ಅಂಚಿನಲ್ಲಿ ಒಂದು ಭಾರೀ ಡ್ರಮ್ಮೂ ಇರುತ್ತಿತ್ತು. ಚೆಂಡು ಯಾವ ಕ್ಷಣಕ್ಕೆ ಕೈ ಬದಲಾಗಬೇಕೆಂದು ಅದರ ಪೆಟ್ಟು ತಿಳಿಸುತ್ತಿತ್ತು. ಆಟಗಾರರು ಅದರ ಅದುರನ್ನು ಮೈಯಲ್ಲಿ ಹಿಡಿಯುತ್ತಿದ್ದರು. ಮೈಲಾಪುರದ ಮೈಲಾರಲಿಂಗನ ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವರಿಗೆ ಇದು ಅರ್ಥವಾದೀತು, ಆ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ.

1988ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಸ್ಥಾನಕ್ಕೆ ಮತ್ತೆ ಕೇಳಬಲ್ಲವರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕುಳಿತರು. ಒಂದೇ ವಾರ. ಐ. ಕಿಂಗ್ ಜೋರ್ಡಾನ್ ಮೊದಲ ಕಿವುಡ ಅಧ್ಯಕ್ಷರಾದರು. 2013ರಲ್ಲಿ ‘ಬೈಸನ್’ ಎಂಬ ಹೆಸರಿನ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಗೆದ್ದು, ಒಂದೇ ಒಂದು ಸೋತು, ಮೊದಲ ಬಾರಿಗೆ ರಾಷ್ಟ್ರೀಯ ನಾಕೌಟ್ ಸುತ್ತಿಗೆ ಹೋಯಿತು. 2023ರ ಅಕ್ಟೋಬರ್ 7ರಂದು ಹಿಲ್ಬರ್ಟ್ ಕಾಲೇಜಿನ ವಿರುದ್ಧ ಕ್ವಾರ್ಟರ್‌ಬ್ಯಾಕ್ ಹೊಸ ಹೆಲ್ಮೆಟ್ ಧರಿಸಿದ್ದ: ಕೋಚ್ ಟ್ಯಾಬ್ಲೆಟ್‌ನಲ್ಲಿ ಆರಿಸಿದ ಉಪಾಯ, ಕಣ್ಣಿನ ಬಳಿಯ ಪುಟ್ಟ ಮಸೂರದಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ಗ್ಯಾಲೊಡೆಟ್ 34-20ರಿಂದ ಗೆದ್ದಿತು.

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಾಗದ ತಂದೆತಾಯಿ ವಾಷಿಂಗ್ಟನ್‌ಗೆ ಹೋದಾಗ ಶ್ವೇತಭವನದ ಜೊತೆ ಇದನ್ನೂ ನೋಡಿ ಬರಬೇಕು. ರೆಡ್ ಲೈನ್ ಮೆಟ್ರೊದಲ್ಲಿ ನೋಮಾ–ಗ್ಯಾಲೊಡೆಟ್ ನಿಲ್ದಾಣದಲ್ಲಿಳಿದರೆ ಆವರಣ ನಡಿಗೆಯ ದೂರ. ಫುಟ್‌ಬಾಲ್ ಋತು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಪಂದ್ಯಗಳು ಹೆಚ್ಚಾಗಿ ಶನಿವಾರ. ಹತ್ತಿರದ ಎಚ್ ಸ್ಟ್ರೀಟ್‌ನಲ್ಲಿ 2018ರಲ್ಲಿ ತೆರೆದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ ಸಿಬ್ಬಂದಿಗೆಲ್ಲ ಸನ್ನೆ ಭಾಷೆ ಬರುತ್ತದೆ. ಸನ್ನೆ ಬಾರದ ಗಿರಾಕಿ ತನಗೆ ಬೇಕಾದ್ದನ್ನು ಬರೆದು ತೋರಿಸಬಹುದು.