ಕರಿಬೇವು ಹಳದಿಯಾಗುವುದೇಕೆ? ಹಿತ್ತಿಲ ಮಣ್ಣಿನ ಪರಿಚಯ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಭಾಗದ ಅನೇಕ ಮನೆಗಳ ಹಿತ್ತಿಲಿನಲ್ಲಿ ಒಂದು ನೋಟ ಸಾಮಾನ್ಯ. ಬಚ್ಚಲ ಬದಿಗೆ ನೆಟ್ಟ ಕರಿಬೇವು ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತದೆ, ಚಿಗುರೆಲೆಗಳು ಹಳದಿಗಟ್ಟುತ್ತವೆ. ಮನೆಯವರು ಒಲೆಯ ಬೂದಿ ಹಾಕುತ್ತಾರೆ, ಬಳಿಕ ಒಂದು ಹಿಡಿ ಯೂರಿಯಾ, ಮೇಲೆ ಇನ್ನಷ್ಟು ನೀರು. ಗಿಡ ಮತ್ತೂ ಬಿಳಿಚಿಕೊಳ್ಳುತ್ತದೆ. ಆರೈಕೆಗೇನೂ ಕಡಿಮೆಯಿಲ್ಲ, ಮಣ್ಣಿನ ಸ್ವಭಾವವನ್ನು ಮಾತ್ರ ಯಾರೂ ವಿಚಾರಿಸಿರುವುದಿಲ್ಲ.

ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಹಲವೆಡೆ ಸುಣ್ಣದ ಹರಳುಗಳೂ ಬೆರೆತಿರುತ್ತವೆ. ಮಣ್ಣಿನ ಹುಳಿ-ಕ್ಷಾರಗಳನ್ನು ತಿಳಿಸುವ ಅಳತೆಗೆ ರಸಸಾರವೆಂದು ಹೆಸರು. ಅದು 7 ಇದ್ದರೆ ತಟಸ್ಥ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಎರೆಮಣ್ಣಿನಲ್ಲಿ ಇದು ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ನೀರಿನಲ್ಲಿ ಕರಗದು, ಬೇರಿಗೆ ದಕ್ಕದು. ಸತುವಿನ ಪಾಡೂ ಹೀಗೆಯೇ; ಸತು ದಕ್ಕದ ನೆಲದಲ್ಲಿ ಬೆಳೆದ ಆಹಾರದಲ್ಲಿಯೂ ಅದರ ಅಂಶ ಕಡಿಮೆಯಾಗುತ್ತದೆ. ಬೂದಿ ಸ್ವತಃ ಕ್ಷಾರ. ಬಟ್ಟೆ ಒಗೆದ ನೀರಿನಲ್ಲಿ ಸೋಡಾ ಇರುತ್ತದೆ. ಇವೆರಡೂ ಇದ್ದ ದೋಷವನ್ನು ಹೆಚ್ಚಿಸುತ್ತವೆ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣು ಹುಳಿಯಾದುದರಿಂದ ಅಲ್ಲಿ ಬೂದಿ ಹಿತಕರ. ಶಿರಸಿಯ ಅಜ್ಜಿಯ ಮದ್ದು ಗದಗಿನಲ್ಲಿ ಅಪಥ್ಯವಾಗುವುದು ಹೀಗೆ.

ಎಲೆಯೇ ರೋಗವನ್ನು ಹೇಳುತ್ತದೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯಿರಬಹುದು. ನರಗಳು ಹಸಿರಾಗಿದ್ದು ಚಿಗುರೆಲೆ ಮಾತ್ರ ಹಳದಿಯಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಎರಡನೆಯದಕ್ಕೆ ಯೂರಿಯಾ ಮದ್ದಲ್ಲ. ಅದರಲ್ಲಿಯೂ ಸೊಪ್ಪಿನ ಮಡಿಗೆ ಯೂರಿಯಾ ಅತಿಯಾದರೆ ಎಲೆಗಳಲ್ಲಿ ನೈಟ್ರೇಟ್ ಶೇಖರವಾಗುತ್ತದೆ; ವಿಷಮುಕ್ತ ಆಹಾರಕ್ಕೆಂದು ಮಾಡಿದ ಕೈತೋಟಕ್ಕೆ ಇದು ತಕ್ಕುದಲ್ಲ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ. ಒಣಮಣ್ಣಿನ ಪುಡಿಗೆ ವಿನೆಗರ್ ಅಥವಾ ಲಿಂಬೆರಸ ಹನಿಸಿರಿ. ನೊರೆಗುಳ್ಳೆ ಎದ್ದರೆ ಸುಣ್ಣವಿದೆಯೆಂದರ್ಥ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿರಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಆ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ಏರುಮಡಿಯಿಲ್ಲದೆ ಏನನ್ನೂ ನೆಡಬಾರದು. ಹೊಸದಾಗಿ ಕಟ್ಟಿದ ಮನೆಯ ಸುತ್ತ ಸಿಮೆಂಟು, ಗಾರೆಯ ಚೂರುಗಳು ಹೂತಿರುತ್ತವೆ. ಅಂಥಲ್ಲಿ ಕೆಂಪು ಮಣ್ಣೂ ಕ್ಷಾರವಾಗಿರಬಹುದು.

ಖಚಿತ ಅಳತೆ ಬೇಕಿದ್ದರೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಹಿತ್ತಿಲಿನ ನಾಲ್ಕಾರು ಕಡೆ, ಗೊಬ್ಬರ ಬಿದ್ದ ಜಾಗ ಬಿಟ್ಟು, ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ದರೆ ಸಾಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ರೈತರ ಹೊಲಗಳಿಗಾಗಿ ಬಂದದ್ದಾದರೂ, ಅದರಲ್ಲಿ ನೋಡುವ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸತು, ಕಬ್ಬಿಣ ಮುಂತಾದ 12 ಅಂಶಗಳೇ ಹಿತ್ತಿಲಿಗೂ ಮುಖ್ಯ.

ಎರೆಮಣ್ಣಿನ ಗುಣವನ್ನು ಪೂರ್ತಿಯಾಗಿ ಬದಲಿಸುವ ಹಟ ವ್ಯರ್ಥ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ವರ್ಷವರ್ಷವೂ ಸೇರಿಸುತ್ತಿದ್ದರೆ ಮಣ್ಣು ಸಡಿಲಾಗುತ್ತದೆ. ಪುಂಡಿ, ಪಾಲಕಗಳು ಈ ನೆಲಕ್ಕೆ ಹೊಂದಿಕೊಳ್ಳುತ್ತವೆ. ಕರಿಬೇವಿಗೆ ಅಗಲವಾದ ಗುಂಡಿ ತೋಡಿ ಕೆಮ್ಮಣ್ಣು, ಗೊಬ್ಬರ ತುಂಬಿ, ನೀರು ಬಸಿದುಹೋಗುವಂತೆ ಮಾಡಬೇಕು. ಹಳದಿಯಾದ ಗಿಡಕ್ಕೆ ಒಂದು ಲೀಟರ್ ನೀರಿನಲ್ಲಿ 5 ಗ್ರಾಂ ಅನ್ನಭೇದಿ ಕರಗಿಸಿ, ಅರ್ಧ ಲಿಂಬೆಹಣ್ಣಿನ ರಸ ಹಿಂಡಿ, ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬಹುದು. ಸಿಂಪಡಿಸಿದ ಎಲೆಗಳನ್ನು ಕೆಲದಿನ ಅಡುಗೆಗೆ ಕೀಳದಿರುವುದು ಲೇಸು.

ಇನ್ನೊಂದು ಎಚ್ಚರಿಕೆಯಿದೆ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯುಂಟು. ಅದನ್ನು ಕೆರೆದ ಪುಡಿ ಗೋಡೆಯ ಬುಡದ ಮಣ್ಣಿಗೆ ಸೇರಿದರೆ ಸುಲಭವಾಗಿ ಹೋಗದು. ಮಕ್ಕಳಿಗಂತೂ ಅದು ಅಲ್ಪ ಪ್ರಮಾಣದಲ್ಲಿಯೂ ಹಾನಿಕರ. ಅಂಥ ಗೋಡೆಯ ಬದಿಗೆ ಹೂವಿನ ಗಿಡವಿರಲಿ; ಸೊಪ್ಪು, ಮೂಲಂಗಿಗಳ ಮಡಿಯನ್ನು ದೂರಕ್ಕೆ ಸರಿಸಿರಿ.