ದೂರದ ಪರದೆಗೆ ಗುಟ್ಟಿನ ಸುರಂಗ

2020ರ ಮಾರ್ಚ್ ತಿಂಗಳ ಕೊನೆಯ ವಾರ. ಕೊರೊನಾ ಸೋಂಕಿಗೆ ಹೆದರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಕಚೇರಿಗಳು ಬಿಕೋ ಎನ್ನತೊಡಗಿದವು. ಆದರೆ ಕೆಲಸ ನಿಲ್ಲಲಿಲ್ಲ. ತೀರ್ಥಹಳ್ಳಿಯ ಮನೆಯ ಜಗಲಿಯಲ್ಲೋ ಗದಗಿನ ಮಾಳಿಗೆಯ ಮೇಲೋ ಕುಳಿತವರು ಮೌಸ್ ಆಡಿಸಿದರೆ, ನೂರಾರು ಕಿಲೋಮೀಟರ್ ಆಚೆಯ ಕಚೇರಿಯ ಕಂಪ್ಯೂಟರಿನಲ್ಲಿ ಬಾಣದ ಗುರುತು ಅತ್ತಿತ್ತ ಸರಿಯುತ್ತಿತ್ತು. ಇದಕ್ಕೆ ‘ರಿಮೋಟ್ ಡೆಸ್ಕ್‌ಟಾಪ್’ ಎಂದು ಹೆಸರು.

ಇದರಲ್ಲಿ ಮಾಯೆಯೇನೂ ಇಲ್ಲ. ನಾವು ಒತ್ತಿದ ಕೀಲಿಗಳ ವಿವರ ಅತ್ತ ಹೋಗುತ್ತದೆ. ಅಲ್ಲಿನ ಪರದೆಯ ಚಿತ್ರ ಇತ್ತ ಬರುತ್ತದೆ, ಅಷ್ಟೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದ ತಜ್ಞರು ಇದಕ್ಕಾಗಿ ರೂಪಿಸಿದ ‘ವಿಎನ್‌ಸಿ’ ಎಂಬ ತಂತ್ರಾಂಶ 1998ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿಯೂ ‘ಆರ್‌ಡಿಪಿ’ ಎಂಬ ತನ್ನ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು.

ಪ್ರಶ್ನೆ ಇರುವುದು ದಾರಿಯ ಬಗ್ಗೆ. ಮೂಲ ವಿಎನ್‌ಸಿ ಒಳಗೆ ಬರುವವರ ಗುಪ್ತಪದವನ್ನು ಮಾತ್ರ ಮರೆಮಾಚುತ್ತಿತ್ತು. ಆಮೇಲಿನ ಪರದೆಯ ಚಿತ್ರ, ಬೆರಳಚ್ಚಿಸಿದ ಅಕ್ಷರಗಳು ಎಲ್ಲವೂ ಅಂಚೆ ಕಾರ್ಡಿನ ಬರಹದಂತೆ ಬಯಲಲ್ಲೇ ಸಾಗುತ್ತಿದ್ದವು. ದಾರಿಯಲ್ಲಿ ಕಾದು ಕುಳಿತವನು ಓದಿಕೊಳ್ಳಬಹುದಿತ್ತು. ಆ ಕಾರ್ಡನ್ನು ಲಕೋಟೆಯೊಳಗಿಟ್ಟು ಅರಗಿನ ಮುದ್ರೆ ಒತ್ತುವ ಉಪಾಯವೇ ಗೂಢಲಿಪಿಯ ಸುರಂಗ.

ಹೆಲ್ಸಿಂಕಿಯ ಕಳವು

ಈ ಸುರಂಗ ಹುಟ್ಟಿದ್ದು ಒಂದು ಕಳವಿನಿಂದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದೊಳಗೆ ಯಾರೋ ಕದ್ದಾಲಿಸುವ ತಂತ್ರಾಂಶವೊಂದನ್ನು ಅಡಗಿಸಿಟ್ಟಿದ್ದರು. ಅದು ಪತ್ತೆಯಾಗುವ ವೇಳೆಗೆ ಸಾವಿರಾರು ಮಂದಿಯ ಗುಪ್ತಪದಗಳು ಅದರ ಚೀಲ ಸೇರಿದ್ದವು. ಆಗ ದೂರದ ಕಂಪ್ಯೂಟರ್ ಬಳಸಲು ಇದ್ದ ‘ಟೆಲ್‌ನೆಟ್’, ಕಡತ ಸಾಗಿಸಲು ಇದ್ದ ‘ಎಫ್‌ಟಿಪಿ’ ಎರಡೂ ಗುಪ್ತಪದವನ್ನು ಇದ್ದಂತೆಯೇ ಕಳಿಸುತ್ತಿದ್ದವು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಿದೆ. ಅಲ್ಲಿನ ಸಂಶೋಧಕ ತಾತು ಇಲೋನೆನ್ ಮಾತ್ರ ಬಾಗಿಲನ್ನೇ ಹೊಸದಾಗಿ ಮಾಡಲು ಹೊರಟರು. ಕೆಲವೇ ತಿಂಗಳಲ್ಲಿ ‘ಎಸ್‌ಎಸ್‌ಎಚ್’ ಎಂಬ ತಂತ್ರಾಂಶ ಬರೆದು ಅದೇ ವರ್ಷದ ಜುಲೈನಲ್ಲಿ ಎಲ್ಲರಿಗೂ ಹಂಚಿದರು. ಕಂಪ್ಯೂಟರಿನಲ್ಲಿ ಒಂದೊಂದು ಸೇವೆಗೂ ‘ಪೋರ್ಟ್’ ಎಂಬ ನಂಬರು ಹಾಕಿದ ಕಿಂಡಿ ಇರುತ್ತದೆ. ಎಫ್‌ಟಿಪಿಯದು 21, ಟೆಲ್‌ನೆಟ್‌ನದು 23. ಎರಡರ ಜಾಗವನ್ನೂ ತುಂಬಬೇಕಿದ್ದ ಹೊಸ ತಂತ್ರಾಂಶಕ್ಕೆ ನಡುವೆ ಖಾಲಿಯಿದ್ದ 22ನ್ನು ಇಲೋನೆನ್ ಕೇಳಿದರು, ಮರುದಿನವೇ ಮಂಜೂರಾಯಿತು.

ಬಯಲಲ್ಲೇ ಗುಟ್ಟು

ಸಂಕೇತ ಲಿಪಿ ನಮಗೆ ಹೊಸದಲ್ಲ. ಗೂಢಚಾರರು ಸಂಜ್ಞಾಲಿಪಿಯಲ್ಲಿ ಸುದ್ದಿ ಮುಟ್ಟಿಸಬೇಕೆಂದು ಕೌಟಿಲ್ಯನ ‘ಅರ್ಥಶಾಸ್ತ್ರ’ವೇ ಹೇಳುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ತೊಡಕಿತ್ತು. ಲಿಪಿಯ ಕೀಲಿಕೈ ಇಬ್ಬರ ಬಳಿಯೂ ಮೊದಲೇ ಇರಬೇಕು. ಒಮ್ಮೆಯೂ ಭೇಟಿಯಾಗದವರು ಕೀಲಿಕೈಯನ್ನು ಹಂಚಿಕೊಳ್ಳುವುದು ಹೇಗೆ? ದಾರಿಯಲ್ಲಿ ಕಳಿಸಿದರೆ ಕಳ್ಳನ ಕೈಗೂ ಸಿಕ್ಕೀತು.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇದಕ್ಕೆ ದಾರಿ ತೋರಿದರು. ಅದನ್ನು ಸಣ್ಣ ಲೆಕ್ಕದಲ್ಲೇ ನೋಡೋಣ. ಗೌರಿ ಮತ್ತು ಶಂಕರ ಎಲ್ಲರೆದುರೇ 3 ಮತ್ತು 17 ಎಂಬ ಎರಡು ಸಂಖ್ಯೆಗಳನ್ನು ಒಪ್ಪಿಕೊಳ್ಳುತ್ತಾರೆ. ಗೌರಿ ಮನಸ್ಸಿನಲ್ಲಿ 3 ಎಂದುಕೊಂಡು, ಮೂರನ್ನು ಮೂರು ಸಲ ಗುಣಿಸುತ್ತಾಳೆ, 27. ಅದನ್ನು 17ರಿಂದ ಭಾಗಿಸಿದರೆ ಶೇಷ 10. ಶಂಕರ ಮನಸ್ಸಿನಲ್ಲಿ 4 ಎಂದುಕೊಂಡು, ಮೂರನ್ನು ನಾಲ್ಕು ಸಲ ಗುಣಿಸುತ್ತಾನೆ, 81. ಶೇಷ 13. ಈ 10 ಮತ್ತು 13ನ್ನು ಇಬ್ಬರೂ ಕೂಗಿ ಹೇಳುತ್ತಾರೆ.

ಈಗ ಗೌರಿ 13ನ್ನು ಮೂರು ಸಲ ಗುಣಿಸಿದರೆ 2197; 17ರಿಂದ ಭಾಗಿಸಿದರೆ ಶೇಷ 4. ಶಂಕರ 10ನ್ನು ನಾಲ್ಕು ಸಲ ಗುಣಿಸಿದರೆ 10000. ಶೇಷ ಅದೇ 4! ಈ 4 ಎಂಬ ಅಂಕಿಯನ್ನು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದೇ ಅವರ ಕೀಲಿಕೈ. ಇಷ್ಟು ಸಣ್ಣ ಸಂಖ್ಯೆಗಳಾದರೆ ಕೇಳಿಸಿಕೊಂಡವನೂ ಲೆಕ್ಕ ಹಾಕಿ ಹಿಡಿದಾನು. ಆದರೆ ನಿಜವಾದ ಬಳಕೆಯಲ್ಲಿ 17ರ ಜಾಗದಲ್ಲಿ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಇರುತ್ತದೆ. ಮುಂದಕ್ಕೆ ಸುಲಭವಾದ ಈ ಲೆಕ್ಕವನ್ನು ಹಿಂದಕ್ಕೆ ಬಿಡಿಸುವುದು ಇಂದಿನ ಕಂಪ್ಯೂಟರಿಗೂ ಆಗದ ಕೆಲಸ. ಇಂದಿನ ಎಸ್‌ಎಸ್‌ಎಚ್‌ನ ಬೆನ್ನೆಲುಬು ಈ ತತ್ವವೇ.

ಒಂದೇ ಕಿಂಡಿ

ಹೀಗೆ ಕೀಲಿಕೈ ಸಿದ್ಧವಾದ ಮೇಲೆ ಸುರಂಗದೊಳಗೆ ಬೇರೆ ಯಾವ ಸೇವೆಯನ್ನಾದರೂ ಸಾಗಿಸಬಹುದು. ವಿಎನ್‌ಸಿಯ ಕಿಂಡಿ 5900. ಅದನ್ನು ಹೊರಜಗತ್ತಿಗೆ ಪೂರ್ತಿ ಮುಚ್ಚಿ, 22ನ್ನು ಮಾತ್ರ ತೆರೆದಿಡುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಹೊರಟ ಮಾತು ಗೂಢಲಿಪಿಯಲ್ಲಿ ಮುಚ್ಚಿಕೊಂಡು 22ನ್ನು ತಲುಪುತ್ತದೆ. ಅಲ್ಲಿ ಬಿಚ್ಚಿಕೊಂಡು, ಒಳಗಿಂದೊಳಗೇ 5900ಕ್ಕೆ ಸೇರುತ್ತದೆ. ದಾರಿಯಲ್ಲಿ ಕದ್ದು ನೋಡಿದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ.

ಚಿತ್ರದುರ್ಗದ ಕಥೆ ಬಲ್ಲ ನಮಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಿದ್ದು ಒಂದು ಕಿಂಡಿಯಿಂದ. ಕಿಂಡಿ ಒಂದೇ ಆದ್ದರಿಂದಲೇ ಓಬವ್ವ ಒನಕೆ ಹಿಡಿದು ಕಾಯಲು ಸಾಧ್ಯವಾಯಿತು.

ಕಾಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2019ರ ಮೇ ತಿಂಗಳು ಸಾಕ್ಷಿ. ಆರ್‌ಡಿಪಿಯಲ್ಲಿ ತನ್ನದೇ ಗೂಢಲಿಪಿ ಇದ್ದರೂ ವಿಂಡೋಸ್‌ನ ಹಳೆಯ ಆವೃತ್ತಿಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾಯಿತು. ಗುಪ್ತಪದವೇ ಇಲ್ಲದೆ 3389ನೇ ಕಿಂಡಿಯಿಂದ ಒಳನುಗ್ಗಲು ಅದು ಅವಕಾಶ ಕೊಡುತ್ತಿತ್ತು. ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತೇಪೆ ಹಾಕಬೇಕಾಯಿತು. ಆ ಕಿಂಡಿಯನ್ನು ಬಯಲಿಗೆ ತೆರೆಯದೆ ಸುರಂಗದ ಹಿಂದೆ ಇರಿಸಿದ್ದವರಿಗೆ ಆತಂಕ ಕಡಿಮೆ.

ಅರ್ಧ ಸೆಕೆಂಡಿನ ಅನುಮಾನ

ಹಾಗೆಂದು ಸುರಂಗವೇ ಸರ್ವರಕ್ಷೆ ಎನ್ನುವಂತಿಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಎಸ್‌ಎಸ್‌ಎಚ್ ಮೂಲಕ ಒಳಹೋಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಣ್ಣಿಗೆ ಬಿತ್ತು. ಕೆದಕಿ ನೋಡಿದರೆ, ‘ಎಕ್ಸ್‌ಝಡ್’ ಎಂಬ ಪುಟ್ಟ ಸಹಾಯಕ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ವರ್ಷಗಟ್ಟಲೆ ನೆರವು ನೀಡಿ ನಂಬಿಕೆ ಗಳಿಸಿದ, ಹುಸಿಹೆಸರಿನದೆಂದು ಶಂಕಿಸಲಾದ ಕೈವಾಡ ಅದು. ಅರ್ಧ ಸೆಕೆಂಡನ್ನು ಆತ ಕಡೆಗಣಿಸಿದ್ದರೆ, ಆ ಕಳ್ಳಬಾಗಿಲು ಲೋಕದ ಅಸಂಖ್ಯ ಕಂಪ್ಯೂಟರುಗಳನ್ನು ಸೇರುತ್ತಿತ್ತು.

ನಮ್ಮ ನಿಮ್ಮ ಪಾಲಿನ ಎಚ್ಚರ ಇದಕ್ಕಿಂತ ಸರಳ. ಎಸ್‌ಎಸ್‌ಎಚ್ ಮೊದಲ ಸಲ ಹೊಸ ಕಂಪ್ಯೂಟರನ್ನು ಮುಟ್ಟಿದಾಗ ಅದರ ‘ಬೆರಳಚ್ಚು’ ತೋರಿಸಿ, ‘ಇದನ್ನು ನಂಬಲೇ?’ ಎಂದು ಕೇಳುತ್ತದೆ. ಗೌರಿ, ಶಂಕರರ ನಡುವೆ ಮೂರನೆಯವನೊಬ್ಬ ಕುಳಿತು ಇಬ್ಬರಿಗೂ ತಾನೇ ಮತ್ತೊಬ್ಬನೆಂದು ನಟಿಸದಿರಲಿ ಎಂದೇ ಈ ಪ್ರಶ್ನೆ. ಓದದೆ ‘ಹೌದು’ ಎನ್ನುವವರೇ ಹೆಚ್ಚು.

ಇನ್ನು, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎಂದು ಫೋನ್ ಮಾಡಿ, ಮೊಬೈಲಿಗೆ ಒಂದು ಆ್ಯಪ್ ಹಾಕಿಸಿ, ಪರದೆಯನ್ನೇ ತನ್ನ ವಶಕ್ಕೆ ಪಡೆಯುವ ವಂಚಕನಿದ್ದಾನೆ. ಅವನಿಗೂ ನಮಗೂ ನಡುವಿನ ಸುರಂಗ ಭದ್ರವಾಗಿಯೇ ಇರುತ್ತದೆ. ಹಣ ಹೋಗುವುದು ಅದೇ ಭದ್ರವಾದ ದಾರಿಯಲ್ಲಿ. ಗಣಿತ ಕಾಯುವುದು ದಾರಿಯನ್ನು ಮಾತ್ರ. ಬಾಗಿಲು ಯಾರಿಗೆ ತೆರೆಯಬೇಕೆಂಬುದನ್ನು ಮನೆಯವರೇ ನಿರ್ಧರಿಸಬೇಕು.